ಮುಸಾಫಿರ್ ಖಾನೆಯ ಹೊಸ್ತಿಲು

"ನಿಲ್ಲಿ ಸಾರೇ, ಒಳಗೆ ಬರುವ ಮೊದಲು ಒಂದು ಮಾತು ಉಂಟು," ಎಂದರು ಖಾನೆ ನೋಡಿಕೊಳ್ಳುವ ಮುದುಕ ಅಲಿಕುಂಞಿ. "ಇಲ್ಲಿ ಎಷ್ಟು ದಿನ ಬೇಕಾದ್ರೂ ಇರಿ, ಬೇಡ ಅನ್ಲಿಕ್ಕಿಲ್ಲ. ಆದರೆ ಹೋಗುವ ದಿನ ಸುಮ್ಮನೆ ಹೋಗಿಬಿಡಿ. ಈ ಹೊಸ್ತಿಲಲ್ಲಿ ನಿಂತು 'ಹೋಗಿ ಬರ್ತೇನೆ' ಅಂತ ಮಾತ್ರ ಹೇಳ್ಬೇಡಿ."

ಶ್ಯಾಮಸುಂದರ್ ನಕ್ಕುಬಿಟ್ಟ. ನಗುವ ಹೊತ್ತಲ್ಲ ಅದು. ತೊಂಬತ್ತನೇ ಇಸವಿಯ ಆಗಸ್ಟ್. ಇರಾಕಿನ ಸೈನ್ಯ ಕುವೈತಿನೊಳಗೆ ನುಗ್ಗಿ ವಾರ ಕಳೆದಿತ್ತು. ಮಂಗಫ್‌ನಲ್ಲಿ ಕಡಲ ಕಡೆಗಿದ್ದ ಅವನ ಫ್ಲ್ಯಾಟಿನ ಕಟ್ಟಡ ಸೈನಿಕರಿಗೆ ಬೇಕಾಯಿತು. ರಿಫೈನರಿಯ ಇಂಜಿನಿಯರ್ ಎಂಬುದನ್ನೂ ನೋಡದೆ ಹೊರಗೆ ಅಟ್ಟಿದ್ದರು. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಆರು ವರ್ಷದ ಮಗಳು ಶ್ರಾವಣಿ, ಹಿಂದೆ ಅತ್ತು ಅತ್ತು ಮುಖ ಊದಿಸಿಕೊಂಡ ಹೆಂಡತಿ ಯಾಮಿನಿ. ಆದರೂ ನಕ್ಕ. ಮೈಸೂರಿನಲ್ಲಿ ಓದುವಾಗ ಸ್ಮಶಾನದ ಕಟ್ಟೆಯ ಮೇಲೆ ಕೂತು ಮಸಾಲೆದೋಸೆ ತಿಂದು ಪಂದ್ಯ ಗೆದ್ದವನು ಅವನು. ಇಂಥವರಿಗೆ ಬುದ್ಧಿ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ.

"ನಮ್ ಕಡೆ 'ಹೋಗ್ತೀನಿ' ಅಂದ್ರೇನೇ ಅಪಶಕುನ ಕಾಕಾ," ಎಂದ. "ಹೋಗಿ ಬರ್ತೀನಿ ಅನ್ನಬೇಕು. ದಿನಾ ಮಗಳಿಗೆ ಅದೇ ಪಾಠ ಮಾಡ್ತೀನಿ, ಇವಳು ಕಲೀಬೇಕಲ್ಲ."

ಅದು ನಿಜವೇ ಆಗಿತ್ತು. ಶ್ರಾವಣಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಶಾಲೆಯ ಬಸ್ಸು ಬಂದಾಗಲೆಲ್ಲ ಅಪ್ಪ ಮಗಳ ಜಗಳ: ಬೈ ಅಲ್ಲ ಪುಟ್ಟಿ, ಹೋಗಿ ಬರ್ತೀನಿ ಅನ್ನು. ಅವಳು ಬೇಕೆಂದೇ 'ಬೈ ಅಪ್ಪಾ' ಎಂದು ಕಿರುಚಿ ಓಡುತ್ತಿದ್ದಳು. ಅಲಿಕುಂಞಿ ಮಗುವಿನ ಕೆಂಪು ರಿಬ್ಬನಿನ ಜಡೆ ಸವರಿ, ಬೈ ಅಂತಲೇ ಹೇಳು ಮಗಾ, ಅದೇ ಒಳ್ಳೇದು ಎಂದರು. ಆಮೇಲೆ ಮೂವರಿಗೂ ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟರು.

ಮಂಗಫ್‌ನ ಹಳೆಯ ಊರಿನ ಒಂದು ಮೂಲೆಯಲ್ಲಿತ್ತು ದಾರಿಹೋಕರು ತಂಗುವ ಆ ಮುಸಾಫಿರ್ ಖಾನೆ. ಹವಳದ ಕಲ್ಲಿನ ದಪ್ಪ ಗೋಡೆ, ಅಳಿವೆಯಲ್ಲಿ ಬೆಳೆಯುವ ಕಾಂಡ್ಲಾ ಮರದ ದುಂಡು ತೊಲೆಗಳು, ನಡುವೆ ಅಂಗಳ, ಅಂಗಳದಲ್ಲಿ ಉಪ್ಪುನೀರಿನ ಬಾವಿ. ಕರೆಂಟು ಹೋದ ಮೇಲೆ ಒಳಗೆ ಹಗಲಲ್ಲೂ ಕತ್ತಲೆ. ಕೊಳೆತ ಖರ್ಜೂರದ ವಾಸನೆ, ಅದರ ಹಿಂದೆ ಇನ್ನೊಂದು ವಾಸನೆ: ಒದ್ದೆ ಹಗ್ಗ ಬಹಳ ದಿನ ಮುಚ್ಚಿಟ್ಟಾಗ ಬರುತ್ತದಲ್ಲ, ಅದು. ಹೊಸ್ತಿಲ ಹತ್ತಿರ ಹೋದರೆ ಮೂಗಿಗೆ ಅಡರುತ್ತಿತ್ತು. ಯಾಮಿನಿ ಸೆರಗಿನಿಂದ ಮೂಗು ಮುಚ್ಚಿಕೊಂಡೇ ದಾಟುತ್ತಿದ್ದಳು.

ಸಿಕ್ಕಿಹಾಕಿಕೊಂಡವರಿಗೆಲ್ಲ ಅಲಿಕುಂಞಿ ಅನ್ನ ಹಾಕುತ್ತಿದ್ದರು. ಬಂಟ್ವಾಳದ ಬ್ಯಾರಿ, ಎಪ್ಪತ್ತರ ಹತ್ತಿರ ವಯಸ್ಸು. ಇವರು ಮೀನು ಮಾಂಸ ಮುಟ್ಟುವವರಲ್ಲ ಎಂದು ತಿಳಿದ ದಿನವೇ ಹೊಸ ಪಾತ್ರೆ ತೆಗೆದು ಇವರ ಅನ್ನ ಸಾರನ್ನು ಬೇರೆ ಮಾಡಿದರು. ಒಂದೇ ಒಂದು ವಿಚಿತ್ರ. ಅವರು ಎಂದೂ ಹೊಸ್ತಿಲು ದಾಟುತ್ತಿರಲಿಲ್ಲ. ತರಕಾರಿಯವನು ಬಂದರೂ ಒಳಗಿಂದಲೇ ಕೈ ಚಾಚುತ್ತಿದ್ದರು.

ಯಾಕೆ ಎಂದು ಒಂದು ಸಂಜೆ ಶ್ಯಾಮಸುಂದರ್ ಕೆಣಕಿ ಕೇಳಿದ. ಆಗ ಬಿಚ್ಚಿಕೊಂಡಿತು ಆ ಮನೆಯ ಚರಿತ್ರೆ.

ಮಂಗಫ್ ಎಂದರೆ ಕಂಪನಿ ಬಸ್ಸು, ಫ್ಲ್ಯಾಟು ಎಂದಷ್ಟೇ ತಿಳಿದಿದ್ದ ಅವನಿಗೆ, ಅದು ಖರ್ಜೂರದ ತೋಟಗಳ ಹಳ್ಳಿಯಾಗಿತ್ತು, ಒಂಟೆಯವರು ರಾತ್ರಿ ತಂಗುವ ಜಾಗವಾಗಿತ್ತು ಎಂಬುದೇ ಹೊಸ ಸುದ್ದಿ. ಖಾನೆ ಕಟ್ಟಿಸಿದವನು ಸಾಲೆಹ್ ಎಂಬ ಒಬ್ಬ. ಬೇಸಗೆಯಲ್ಲಿ ಅವನಿಗೆ ಕಡಲಿಗೆ ಮುಳುಗಿಸಿ ಮುತ್ತು ತೆಗೆಸುವ ದೋಣಿಯ ವ್ಯಾಪಾರ. ಪಕ್ಕದ ವಿಧವೆಯ ಒಬ್ಬನೇ ಮಗನನ್ನು ಮುಳುಗಲು ಕರೆದೊಯ್ಯುವಾಗ ಇದೇ ಹೊಸ್ತಿಲಲ್ಲಿ ನಿಂತು, ನಿನ್ನ ಮಗನನ್ನು ಕರೆದುಕೊಂಡು ಬರುತ್ತೇನೆ ಎಂದಿದ್ದ. ಹುಡುಗ ಮುಳುಗಿದವನು ಏಳಲಿಲ್ಲ. ಆ ತಾಯಿಗೆ ಮುಖ ತೋರಿಸುವ ಧೈರ್ಯವಿಲ್ಲದೆ ಸಾಲೆಹ್ ಬಸ್ರಾಕ್ಕೆ ಓಡಿಹೋದ. ಹೆಂಗಸು ಹೊಸ್ತಿಲ ಮೇಲೆ ಕೂತು ಕಾದಳು. ಕೊನೆಗೆ ತನ್ನ ಕೂದಲು ಕೊಯ್ದು, ಒಂಟೆಯ ಉಣ್ಣೆ ಸೇರಿಸಿ ಹಗ್ಗ ಹೊಸೆದು, ಒಂದು ಗಂಟು ಹಾಕಿ, ಗಂಟಿನ ಮೇಲೆ ಊದಿ, ಹೊಸ್ತಿಲ ಕೆಳಗೆ ಹೂತಳು. ಇಲ್ಲಿ ನಿಂತು ಬರುತ್ತೇನೆ ಎಂದವನು ಬರಲೇಬೇಕು, ಬಂದವನು ಹೋಗಬಾರದು ಎಂದಳಂತೆ. ಸಾಲೆಹ್ ಬಂದ. ಕಣ್ಣು ತೆರೆದೇ ನಿದ್ದೆಯಲ್ಲಿ ನಡೆಯುವವನ ಹಾಗೆ ಬಸ್ರಾದಿಂದ ನಡೆದು ಬಂದ. ಸಾಯುವವರೆಗೆ ಹೊಸ್ತಿಲು ದಾಟಲಿಲ್ಲ.

ಅವನ ನಂತರ ಒಬ್ಬ ಪರ್ಶಿಯಾದ ರೊಟ್ಟಿಯವನು. ಹಿಟ್ಟು ನಾದುವ ಮರಿಗೆ ಇಲ್ಲೇ ಇರಲಿ, ಬಂದು ಒಯ್ಯುತ್ತೇನೆ ಎಂದು ಹೋದ ಅತಿಥಿ. ಹೇಳಿದಂತೆ ಬಂದ. ಅವನು ಖಾನೆಯ ಬೀಗದ ಕೈ ತೆಗೆದುಕೊಂಡ ದಿನವೇ ಸಾಲೆಹ್ ಸತ್ತ. ರೊಟ್ಟಿಯವನ ನಂತರ ಲಾಂಚಿನಲ್ಲಿ ಬಂದ ಉಳ್ಳಾಲದ ಇದಿನಬ್ಬ. ಇದಿನಬ್ಬನ ನಂತರ ಅಲಿಕುಂಞಿ. ಊರಿನಲ್ಲಿ ಆಚುಮ್ಮ ಎಂಬ ಹುಡುಗಿಯ ಜೊತೆ ಮದುವೆ ನಿಶ್ಚಯವಾಗಿ ಹೊರಟಿದ್ದರು. ಸಂತೋಷದಲ್ಲಿ ಬಾಯಿ ತಪ್ಪಿ ಆ ಮಾತು ಆಡಿಬಿಟ್ಟರು. ಹಡಗು ಹತ್ತಿದ್ದು ನೆನಪಿದೆ, ಇಳಿದದ್ದು ನೆನಪಿಲ್ಲ. ಮತ್ತೆ ನೋಡಿದರೆ ಈ ಬಾಗಿಲು.

"ಆ ಅರಬ್ಬಿ ಹೆಂಗಸಿಗೆ ಬ್ಯಾರಿ ಭಾಷೆ ಬರ್ತಿತ್ತಾ ಕಾಕಾ?" ಎಂದು ಶ್ಯಾಮಸುಂದರ್ ಕಣ್ಣು ಮಿಟುಕಿಸಿದ.

"ಹಗ್ಗಕ್ಕೆ ಭಾಷೆ ಇಲ್ಲ ಸಾರೇ. ಬರ್ತೇನೆ ಅಂದ್ರೆ ಸಾಕು. ಜೀವ ಇದ್ರೆ ಕಾಲಲ್ಲಿ ಬರ್ತಾರೆ. ಇಲ್ಲದಿದ್ರೂ ಬರ್ತಾರೆ."

ಬಿಡುಗಡೆಗೆ ದಾರಿಯೂ ಒಂದಿತ್ತು. ಮಾತು ಕೊಟ್ಟವರ ಹೆಸರಿಗೆ ಹಗ್ಗದಲ್ಲಿ ತಾನಾಗಿ ಒಂದು ಗಂಟು ಬೀಳುತ್ತದೆ. ಆ ಮಾತು ಯಾರಿಗೆ ಕೊಟ್ಟದ್ದೋ ಅವನೊಬ್ಬನೇ ಅದನ್ನು ಬಿಚ್ಚಬಲ್ಲ. ಬಿಚ್ಚಿದರೆ ಮಾತು ಹೋಗುತ್ತದೆ, ಮಾತಿನ ಒಟ್ಟಿಗೆ ಬಿಚ್ಚಿದವನೂ ಮಾತು ಕೊಟ್ಟವರ ಮನಸ್ಸಿನಿಂದ ಅಳಿಸಿಹೋಗುತ್ತಾನೆ. ಇದಿನಬ್ಬನ ತಮ್ಮ ಅಣ್ಣನನ್ನು ನೋಡಲು ಬಂದು, ಹೊರಡುವಾಗ ಆ ಮಾತು ಆಡಿದ್ದ. ಇದಿನಬ್ಬ ಹೊಸ್ತಿಲು ಅಗೆದು ಗಂಟು ಬಿಚ್ಚಿದ. ತಮ್ಮ ಉಳಿದ, ಆದರೆ ತನಗೆ ಅಣ್ಣನೇ ಇರಲಿಲ್ಲ ಎನ್ನುತ್ತ ಬದುಕಿದ. ಆ ಸಂಕಟಕ್ಕೆ ಇದಿನಬ್ಬ ಹಗ್ಗವನ್ನು ಆಳುದ್ದ ಕೆಳಗೆ ಹೂತು ಮೇಲೆ ಕಲ್ಲು ಹೇರಿದನಂತೆ.

ಶ್ಯಾಮಸುಂದರ್ ಹೊಟ್ಟೆ ಹಿಡಿದು ನಕ್ಕ. ಯಾಮಿನಿ ನಗಲಿಲ್ಲ. ಇವೆಲ್ಲ ನಮಗ್ಯಾಕೆ, ಹೋಗೋ ದಿನ ಬಾಯ್ಮುಚ್ಕೊಂಡು ಹೋಗೋಣ ಎಂದು ಗಂಡನಿಗೆ ಮತ್ತೆ ಮತ್ತೆ ಹೇಳಿದಳು.

ಸೆಪ್ಟೆಂಬರಿನಲ್ಲಿ ಭಾರತೀಯರನ್ನು ಬಸ್ರಾ, ಬಾಗ್ದಾದ್ ದಾಟಿಸಿ ಅಮ್ಮಾನಿನಲ್ಲಿ ಊರಿನ ವಿಮಾನ ಹತ್ತಿಸುವ ಬಸ್ಸುಗಳು ಹೊರಟವು. ಉಪ್ಪಳದ ಬೀರಾನ್ ಎಂಬವನು ಓಡಿಸುವ ಬಸ್ಸಿನಲ್ಲಿ ಇವರಿಗೂ ಮೂರು ಸೀಟು ಸಿಕ್ಕಿತು. ಬೆಳಿಗ್ಗೆ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡು ಹೊಸ್ತಿಲು ದಾಟಿದರು. ಶ್ರಾವಣಿ 'ಬೈ ಕಾಕಾ' ಎಂದು ಕೈಬೀಸಿದಳು. ಕೊನೆಯವನು ಶ್ಯಾಮಸುಂದರ್. ಒಂದು ಕಾಲು ಹೊರಗೆ, ಒಂದು ಹೊಸ್ತಿಲ ಮೇಲೆ. ಸುಮ್ಮನೆ ಹೋಗಬಹುದಿತ್ತು. ಅದು ಅವನ ಜಾಯಮಾನವಲ್ಲ.

"ಹೋಗಿ ಬರ್ತೀನಿ ಕಾಕಾ," ಎಂದ, ಎಲ್ಲರಿಗೂ ಕೇಳುವ ಹಾಗೆ. "ಚಾ ಕಾಯಿಸಿಟ್ಟಿರಿ."

ಅಲಿಕುಂಞಿ ಗೋಡೆ ಹಿಡಿದುಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಾಲಡಿಯಲ್ಲಿ ಏನೋ ಬಿಗಿದ ಹಾಗೆ ಕಲ್ಲು ಸಣ್ಣಗೆ ಕಿರುಗುಟ್ಟಿತು. ಹಳೆಯ ಮನೆ ಎಂದುಕೊಂಡು ಶ್ಯಾಮಸುಂದರ್ ಬಸ್ಸು ಹತ್ತಿದ.

ಗಡಿಯ ಹತ್ತಿರದ ತಪಾಸಣೆಯಲ್ಲಿ ಸೈನಿಕ ಅವನ ಇಕಾಮಾ ಕಾರ್ಡನ್ನು, ಅಲ್ಲಿ ವಾಸಿಸುವ ಪರವಾನಗಿಯನ್ನು, ತಿರುಗಿಸಿ ತಿರುಗಿಸಿ ನೋಡಿದ. ಬೆಳಿಗ್ಗೆ ಸರಿಯಾಗಿದ್ದ ಕಾರ್ಡಿನಲ್ಲಿ ಈಗ ಫೋಟೋ ಇದ್ದ ಜಾಗ ಬೆಳ್ಳಗಿತ್ತು, ಹೆಸರೂ ಇರಲಿಲ್ಲ. ಬೆವರಿಗೆ ಅಳಿಸಿರಬೇಕು ಎಂದು ಇವನು ವಾದಿಸಿದ. ಸೈನಿಕ ಬಂದೂಕಿನ ತುದಿಯಿಂದ ಇಳಿಸಿದ. ಗಂಡನನ್ನು ಬಿಟ್ಟು ಯಾಮಿನಿ ಹೋಗುವುದುಂಟೇ? ಮೂವರೂ ಯಾರದೋ ನೀರಿನ ಲಾರಿ ಹತ್ತಿ ವಾಪಸು ಬಂದರು. ಲಾರಿಯವನು, ಎಲ್ಲಿಗೆ ಎಂದು ಕೇಳದೆ, ನೇರ ಖಾನೆಯ ಬಾಗಿಲಲ್ಲಿ ನಿಲ್ಲಿಸಿದ.

ಬಾಗಿಲು ತೆರೆದಿತ್ತು. ಅಲಿಕುಂಞಿ ಮಂಡಿಯೂರಿ ಹೊಸ್ತಿಲ ಪಕ್ಕ ಅಗೆಯುತ್ತಿದ್ದರು. ಮೈಯೆಲ್ಲ ಮಣ್ಣು, ಏದುಸಿರು ಬಿಡುತ್ತಿದ್ದರು. ನನಗೆ ಕೊಟ್ಟ ಮಾತಲ್ವಾ ಸಾರೇ, ನಾನೇ ಬಿಚ್ಚಬೇಕು, ಆದರೆ ಕಲ್ಲು ಏಳುವುದಿಲ್ಲ ಎಂದರು. ಶ್ಯಾಮಸುಂದರನಿಗೆ ಮೊದಲ ಬಾರಿಗೆ ನಗು ಬರಲಿಲ್ಲ. ಹಟ ಮಾತ್ರ ಬಂತು. ಹೊಸ ಕಾಗದ ಮಾಡಿಸಿಕೊಂಡು ಬೀರಾನನ ಮುಂದಿನ ಸರದಿಯ ಬಸ್ಸು ಹತ್ತಿದ. ಅದೇ ಕೊನೆಯ ಬಸ್ಸು ಎಂಬ ಸುದ್ದಿ ಇತ್ತು.

ಊರು ಬಿಟ್ಟು ಸ್ವಲ್ಪ ದೂರ ಹೋಗುವುದರಲ್ಲಿ ಧೂಳು ಎದ್ದಿತು. ಹಗಲು ಕಂದಾಯಿತು, ಕಪ್ಪಾಯಿತು. ಕಿಟಕಿಗೆ ಮರಳು ಹೊಡೆಯುವ ಸದ್ದು. ಬೀರಾನ್ ದೀಪ ಹಾಕಿ ನೇರ ಓಡಿಸಿದ. ರಸ್ತೆ ನೇರವಾಗಿಯೇ ಇತ್ತು. ಎಲ್ಲೂ ತಿರುಗಲಿಲ್ಲ. ಶ್ಯಾಮಸುಂದರ್ ಮುಂದಿನ ಸೀಟಿನಲ್ಲಿ ಕೂತು ಕಣ್ಣು ಕೀಳದೆ ನೋಡುತ್ತಿದ್ದ. ಒದ್ದೆ ಹಗ್ಗದ ವಾಸನೆ ಬಂತು. ಮೊದಲು ಸಣ್ಣಗೆ. ಆಮೇಲೆ ಬಸ್ಸು ತುಂಬ. ದೀಪದ ಬೆಳಕಿನಲ್ಲಿ ಏನೋ ಕಂಡಿತು. ಗೋಡೆ. ಹವಳದ ಕಲ್ಲಿನ ಗೋಡೆ. ಬಾಗಿಲು. ಬಾಗಿಲಲ್ಲಿ ಲಾಟೀನು ಹಿಡಿದ ಮುದುಕ.

ಬೀರಾನ್ ಸ್ಟಿಯರಿಂಗಿನ ಮೇಲೆ ಹಣೆ ಇಟ್ಟು ಅಳತೊಡಗಿದ. ಹಿಂದಿನ ಸೀಟಿನಲ್ಲಿದ್ದ ಮಂಗಳೂರಿನ ನರ್ಸ್ ರೋಸಲಿನ್ ಜಪಸರ ಹಿಡಿದು ಎದ್ದುಬಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಸರ್, ನೀವು ಇದ್ರೆ ಈ ಬಸ್ಸು ಹೋಗೂದಿಲ್ಲ. ಮಕ್ಕಳಿದ್ದಾರೆ. ನಿಮ್ಮದೂ ಉಂಟು."

ಶ್ಯಾಮಸುಂದರ್ ಮಗಳ ಮುಖ ನೋಡಿದ. ಕೆಟ್ಟ ಮೇಲೆ ಬುದ್ಧಿ ಬಂತು. ಯಾಮಿನಿ ಅಂಗಿ ಹಿಡಿದು ಜಗ್ಗಿದಳು, ಬೈದಳು, ನಾನೂ ಇಳೀತೀನಿ ಎಂದಳು. ಮಗೂನ ಮೈಸೂರಿನ ಮನೆ ಸೇರಿಸು ಯಾಮಿನಿ, ಅಷ್ಟು ಮಾಡು ಎಂದು ಕೈಮುಗಿದ. ಹೆಂಡತಿಗೆ ಅವನು ಕೈಮುಗಿದದ್ದು ಅದೇ ಮೊದಲು. ಇಳಿದು ಒಳಗೆ ಹೋದ. ಅಲಿಕುಂಞಿ ಬೇಡ ಬೇಡ ಎಂದು ತಲೆಯಾಡಿಸುತ್ತ ಹಿಂದೆ ಸರಿದರು. ಬಸ್ಸನ್ನು ಬಿಡಿಸಲು ಅವರ ಸೊಂಟದ ಬೀಗದ ಕೈಯನ್ನು ಶ್ಯಾಮಸುಂದರ್ ತಾನೇ ಬಿಚ್ಚಿಕೊಂಡ. ಮುದುಕ ಗೋಡೆಗೆ ಒರಗಿ ಮೆಲ್ಲಗೆ ಕೂತರು. ಆಚುಮ್ಮ ಎಂದೊಂದು ಮಾತು ಅವರ ಬಾಯಿಂದ ಬಂತು. ಮತ್ತೆ ಏಳಲಿಲ್ಲ.

ಹೊರಗೆ ಧೂಳು ಇಳಿಯುತ್ತಿತ್ತು. ಬಸ್ಸು ಗುರುಗುಟ್ಟುತ್ತಿತ್ತು. ಶ್ರಾವಣಿ ಅಮ್ಮನ ಕೈ ಬಿಡಿಸಿಕೊಂಡು ಇಳಿದು ಓಡಿಬಂದು ಹೊಸ್ತಿಲ ಮೇಲೆ ನಿಂತಳು.

ಅವನು ಅಳುತ್ತ ಕೈ ಅಡ್ಡ ಹಿಡಿದ. "ಬೈ ಅನ್ನು ಪುಟ್ಟಿ. ಸೇ ಬೈ. ಬರೀ ಬೈ ಅನ್ನು ಕಂದ," ಎಂದ.

ಮಗು ಅಪ್ಪನ ಕಣ್ಣೀರು ಕಂಡದ್ದು ಅದೇ ಮೊದಲು. ಅಪ್ಪನಿಗೆ ಖುಷಿಯಾಗಲಿ ಎಂದು, ಎಷ್ಟೋ ದಿನದಿಂದ ಕಲಿಸಿದ್ದನ್ನು ನೆನಪು ಮಾಡಿಕೊಂಡು, ಒಂದೊಂದೇ ಅಕ್ಷರ ಜೋಡಿಸಿ ಹೇಳಿತು.

"ಅಪ್ಪಾ, ಹೋಗಿ ಬರ್ತೀನಿ."

ಹೇಳಿ, ಸರಿಯಾಯ್ತಾ ಎಂಬಂತೆ ನಕ್ಕಿತು. ಅವನು ಕೂಗುತ್ತ ನುಗ್ಗಿದ. ಹೊಸ್ತಿಲಾಚೆ ಕಾಲು ಹೋಗಲಿಲ್ಲ. ಮೊಣಕಾಲಿನಿಂದ ಕೆಳಗೆ ತನ್ನದಲ್ಲವೆಂಬಂತೆ ನಿಂತುಬಿಟ್ಟಿತು. ಯಾಮಿನಿ ಮಗುವನ್ನು ಎತ್ತಿಕೊಂಡಳು. ಬಸ್ಸು ಹೊರಟಿತು. ಈ ಸಲ ಅದು ಹಿಂದೆ ಬರಲಿಲ್ಲ. ಕಾಲಡಿಯಲ್ಲಿ ಕಲ್ಲು ಮತ್ತೊಮ್ಮೆ ಕಿರುಗುಟ್ಟಿದ್ದನ್ನು ಅವನೊಬ್ಬನೇ ಕೇಳಿದ.

ಅಲಿಕುಂಞಿಯವರನ್ನು ಅಕ್ಕಪಕ್ಕದವರು ಒಯ್ದು ಮಣ್ಣು ಮಾಡಿದರು. ಶ್ಯಾಮಸುಂದರ್ ಬಾಗಿಲೊಳಗೆ ನಿಂತು ನೋಡಿದ. ಮರುದಿನದಿಂದಲೇ ಅಗೆಯತೊಡಗಿದ. ಹಾರೆ ಗುದ್ದಲಿಗಳನ್ನು ಸೈನಿಕರು ಹೊತ್ತೊಯ್ದಿದ್ದರು. ಅಡುಗೆಮನೆಯ ಕಬ್ಬಿಣದ ಸೌಟು, ಈಳಿಗೆಮಣೆ ಇಷ್ಟೇ ಉಳಿದದ್ದು. ಇಂಜಿನಿಯರ್ ಸಾಹೇಬರು ಸೌಟಿನಿಂದ ಹವಳದ ಕಲ್ಲು ಕೆರೆದರು. ಉಗುರು ಕಿತ್ತುಬಂತು. ಚಳಿ ಬಂತು, ಬಾಂಬು ಬೀಳುವ ಸದ್ದು ಬಂತು. ಉಳಿದಿದ್ದ ಅಕ್ಕಿ ಖರ್ಜೂರ ತಿಂದು ಅವನು ಅಗೆದೇ ಅಗೆದ. ಮಗಳು ಬರುವುದರೊಳಗೆ ಹಗ್ಗ ಸಿಗಬೇಕು. ಬೇರೆ ಯೋಚನೆಯೇ ಇರಲಿಲ್ಲ.

ತೊಂಬತ್ತೊಂದರ ಫೆಬ್ರವರಿಯ ಕೊನೆಗೆ ಇರಾಕಿನವರು ಓಡುತ್ತ ಎಣ್ಣೆಬಾವಿಗಳಿಗೆ ಬೆಂಕಿ ಇಟ್ಟುಹೋದರು. ನಡುಮಧ್ಯಾಹ್ನವೇ ಆಕಾಶ ಮುಚ್ಚಿತು. ತನ್ನ ಕೈ ತನಗೆ ಕಾಣದಷ್ಟು ಕಪ್ಪು. ಅಂಗಳಕ್ಕೆ ಮಸಿ ಉದುರುತ್ತಿತ್ತು, ಗಂಟಲಲ್ಲಿ ಸೀಮೆಎಣ್ಣೆಯ ಕಮಟು. ದೂರದಲ್ಲಿ ಭೂಮಿಯೇ ಗೊರಕೆ ಹೊಡೆದಂತೆ ಬೆಂಕಿಯ ಸದ್ದು. ಅಂಥ ಹಗಲಲ್ಲಿ ಅವನ ಸೌಟಿಗೆ ಕಲ್ಲಿನ ಕೆಳಗೆ ಮೆತ್ತಗಿನದೊಂದು ತಗುಲಿತು.

ಎಳೆದ. ಹಗ್ಗ. ಒದ್ದೆಯಾಗಿತ್ತು, ಬೆಚ್ಚಗಿತ್ತು. ಲಾಟೀನು ಹತ್ತಿರ ಹಿಡಿದು ನೋಡಿದ. ಹಳೆಯ ಗಂಟುಗಳು ಕಲ್ಲಾಗಿದ್ದವು. ತುದಿಯಲ್ಲಿ ಎರಡು ಹೊಸವು. ಒಂದು ದಪ್ಪ. ಇನ್ನೊಂದು ಪುಟ್ಟದು. ಪುಟ್ಟ ಗಂಟಿನಲ್ಲಿ ಕೆಂಪು ರಿಬ್ಬನಿನ ಎಳೆ ಸಿಕ್ಕಿಕೊಂಡಿತ್ತು.

ಆಗ ಬಾಗಿಲು ಬಡಿದ ಸದ್ದಾಯಿತು. ದೊಡ್ಡವರು ಬಡಿಯುವ ಎತ್ತರದಲ್ಲಲ್ಲ. ಕೆಳಗೆ.

"ಅಪ್ಪಾ. ಬಂದೆ."

ವಿಮಾನವಿಲ್ಲ, ದಾರಿಯಿಲ್ಲ. ಮೈಸೂರಿನಿಂದ ಆರು ವರ್ಷದ ಮಗು ಜೀವಂತವಾಗಿ ಇಲ್ಲಿಗೆ ಬರುವುದು ಸಾಧ್ಯವಿಲ್ಲ. ಜೀವ ಇಲ್ಲದಿದ್ದರೂ ಬರುತ್ತಾರೆ ಎಂದು ಅಲಿಕುಂಞಿ ಹೇಳಿದ್ದು ಕಿವಿಯಲ್ಲಿತ್ತು. ಹೊಸ್ತಿಲು ದಾಟಿದರೆ ಮುಗಿಯಿತು.

"ಅಪ್ಪಾ, ಬಾಗಿಲು ತೆಗಿ. ಕಾಲು ನೋಯ್ತಿದೆ. ನಿನ್ನ ಹತ್ರ ಮಲಗ್ತೀನಿ. ಒಂದು ಕತೆ ಹೇಳು."

ಅಚ್ಚ ಕನ್ನಡ. ಎಷ್ಟು ವರ್ಷ ಕಾದಿದ್ದ ಆ ಮಾತುಗಳಿಗೆ! ಅವನ ಕೈ ತಾನಾಗಿ ಬಾಗಿಲಿನತ್ತ ಹೋಯಿತು. ಬಿಚ್ಚಿದರೆ ಈ ದನಿಗೆ ಅಪ್ಪ ಎಂಬವನೇ ಇರುವುದಿಲ್ಲ. ಬಿಚ್ಚದಿದ್ದರೆ ಮಗುವೇ ಇರುವುದಿಲ್ಲ. ಬಿಕ್ಕಿ ಬಿಕ್ಕಿ ಅತ್ತ. ಬಾಗಿಲು ಒಂದಿಷ್ಟು ಒಳಗೆ ಸರಿಯಿತು. ಸಂದಿಯಲ್ಲಿ ಐದು ಪುಟ್ಟ ಬೆರಳು. ಮಸಿ ಮೆತ್ತಿದ ಬೆರಳು. ಅವನು ಗಂಟನ್ನು ಬಾಯಿಗೆ ಇಟ್ಟ. ಕಚ್ಚಿದ. ಉಪ್ಪು. ಕೂದಲು. ಗಂಟು ಜಾರಿತು. ಮತ್ತೆ ಕಚ್ಚಿದ. ಹಲ್ಲು ಅಲುಗಿತು. ಪಾದ ಹೊಸ್ತಿಲ ಮೇಲೆ ಬಂತು. ಎಳೆದ. ಜಗ್ಗಿದ. ಎಳೆ ಸಡಿಲಾಯಿತು.

"ಅಪ್ಪಾ, ನಾನು—"

ಗಂಟು ಬಿಚ್ಚಿತು. ಬಾಗಿಲು ಅಲ್ಲೇ ನಿಂತಿತು. ಹೊರಗೆ ಯಾರೂ ಇರಲಿಲ್ಲ, ಮಸಿ ಸುರಿಯುತ್ತಿತ್ತು. ತನ್ನ ದಪ್ಪ ಗಂಟನ್ನು ಅವನು ಮುಟ್ಟಲೂ ಇಲ್ಲ. ಆ ಮಾತು ಕೊಟ್ಟದ್ದು ಅಲಿಕುಂಞಿಗೆ, ಅವರು ಮಣ್ಣಾಗಿದ್ದರು.

ಬೇಸಗೆ ಕಳೆಯುವ ಹೊತ್ತಿಗೆ ಬೀರಾನ್ ಕೆಲಸ ಹುಡುಕಿಕೊಂಡು ಮತ್ತೆ ಕುವೈತಿಗೆ ಬಂದ. ಊರಿನಿಂದ ಹೊರಡುವ ಮುನ್ನ ಮೈಸೂರಿಗೆ ಹೋಗಿ ಯಾಮಿನಿಯನ್ನು ಕಂಡು ಬಂದಿದ್ದ. ಹೊಸ್ತಿಲ ಹೊರಗೆ ನಿಂತೇ ಎಲ್ಲ ಹೇಳಿದ. ಮಗುವಿಗೆ ಫೆಬ್ರವರಿಯಲ್ಲಿ ಜ್ವರ ಏರಿ, ಡಾಕ್ಟರು ಕೈಬಿಟ್ಟರಂತೆ. ಒಂದು ಮಧ್ಯಾಹ್ನ ಉಸಿರೇ ನಿಂತಂತಾಗಿ, ಇದ್ದಕ್ಕಿದ್ದಂತೆ ಬೆವರಿ, ಎದ್ದು ಕೂತು ನೀರು ಕೇಳಿತಂತೆ. ಈಗ ಗುಂಡುಗುಂಡಗೆ ಇದೆ. ಒಂದೇ ವಿಷಯ ಎಂದು ಬೀರಾನ್ ತಲೆ ತಗ್ಗಿಸಿದ. ಯಾಮಿನಿ ಫೋಟೋ ತೋರಿಸಿದರೆ, ಈ ಅಂಕಲ್ ಯಾರು ಎಂದು ಕೇಳುತ್ತದಂತೆ. ಮಗಳನ್ನು ಕರೆದುಕೊಂಡು ನಾನೇ ಬರಲೇ ಎಂದು ಯಾಮಿನಿ ಕೇಳಿಕಳಿಸಿದ್ದಳು.

"ಬೇಡ ಅನ್ನು," ಎಂದ ಶ್ಯಾಮಸುಂದರ್. ಒಳಗಿನಿಂದಲೇ ಕೈ ಚಾಚಿ ನೀರಿನ ಲೋಟ ಕೊಟ್ಟ. ಆಮೇಲೆ ತಡೆಯಲಾರದೆ ಕೇಳಿದ. "ಮಗು ಕನ್ನಡ ಮಾತಾಡುತ್ತಾ?"

ಬೀರಾನನ ಮುಖ ಅರಳಿತು. "ಈಗ ಇಂಗ್ಲಿಷೇ ಇಲ್ಲ ಸಾರ್, ಬರೀ ಕನ್ನಡ. ದಿನಾ ಶಾಲೆಗೆ ಹೊರಡುವಾಗ ಗೇಟಿನಲ್ಲಿ ನಿಂತು ಅಜ್ಜಿಗೆ ಜೋರಾಗಿ ಹೇಳ್ತದೆ..." ಎಂದವನು ಹೊಸ್ತಿಲು ನೋಡಿ ಬಾಯಿ ಮುಚ್ಚಿದ.

ಶ್ಯಾಮಸುಂದರ್ ತಲೆಯಾಡಿಸಿದ. ಆ ಮಾತು ಯಾವುದೆಂದು ಕೇಳಬೇಕಾಗಿರಲಿಲ್ಲ. ಕಲಿಸಿದವನು ಅವನೇ. ಬೀರಾನ್ ಲೋಟ ಇಟ್ಟು, ಏನೂ ಹೇಳದೆ, ಹಿಂದೆ ತಿರುಗಿ ನೋಡದೆ ಹೊರಟುಹೋದ.